'ಏನ್ ಓದ್ಲಿ?' ಅಂತ ಕೇಳಿದ್ರೆ ನಮ್ಮೂರಲ್ಲಿ ಯಾರು ಹೇಳ್ತಿದ್ರು

ನಮ್ಮಮ್ಮ ಒಂದು ಕಾದಂಬರಿ ಓದಿದ್ದಾರೋ ಇಲ್ವೋ ಅಂತ ಗೊತ್ತಾಗ್ಬೇಕಂದ್ರೆ 21ನೇ ಪುಟ ತೆಗೀಬೇಕು. ಪುಟದ ನಂಬರ್ ಕೆಳಗೆ ಪೆನ್ಸಿಲ್‌ನಲ್ಲಿ ಸಾಸಿವೆ ಕಾಳಿನಷ್ಟು ಒಂದು ಚುಕ್ಕೆ ಇದ್ರೆ ಓದಿದ್ದಾರೆ ಅಂತ ಅರ್ಥ. ದಾವಣಗೆರೆಯಲ್ಲಿ ಆಗ ನಮ್ಮ ಓಣಿ ಹತ್ರ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು, ಎರಡು ಮಂಚ ಹಾಕಿದ್ರೆ ತುಂಬಿಹೋಗೋ ಅಷ್ಟು ಜಾಗ, ಎಲ್ಲಾ ಪುಸ್ತಕಕ್ಕೂ ಒಂದೇ ತರ ಖಾಕಿ ರಟ್ಟು, ಹಂಗಾಗಿ ಯಾವುದು ಓದಿದ್ದು ಯಾವುದು ಬಿಟ್ಟಿದ್ದು ಅಂತ ನೆನಪಿರ್ತಿರ್ಲಿಲ್ಲ, ಅದಕ್ಕೇ ಈ ಗುರುತು. ಅಮ್ಮಂದು 21, ಪಕ್ಕದ ಮನೆ ಆಂಟಿದು 33ರಲ್ಲಿ ಒಂದು ಕೂಡಿಸೋ ಚಿಹ್ನೆ, ಹೈಸ್ಕೂಲ್ ಟೀಚರ್ ಒಬ್ರದ್ದು 50ನೇ ಪುಟದ ಅಂಚಲ್ಲಿ ಇನಿಷಿಯಲ್ಲು. ಹೋಗ್ತಾ ಹೋಗ್ತಾ ಏನಾಯ್ತಂದ್ರೆ ಅಮ್ಮ ಹೊಸ ಪುಸ್ತಕ ಕೈಗೆ ತಗೊಂಡ್ರೆ ಮೊದಲು 50ನೇ ಪುಟ ನೋಡೋರು. ಟೀಚರ್ ಇನಿಷಿಯಲ್ ಇದ್ರೆ ಅದನ್ನ ಮನೆಗೆ ತರೋರು, ಇಲ್ದಿದ್ರೆ ವಾಪಸ್ ಇಡೋರು. ಆ ಟೀಚರ್ ಜೊತೆ ಅಮ್ಮ ಪುಸ್ತಕದ ಬಗ್ಗೆ ಒಂದು ಮಾತೂ ಆಡಿದ್ದು ನಾನು ನೋಡಿಲ್ಲ, ಆದ್ರೂ ಅವರ ರುಚಿ ಮೇಲೆ ಅಷ್ಟು ನಂಬಿಕೆ.

ಈಗ ಫೋನ್ ತೆಗೆದ್ರೆ ದಿನಕ್ಕೊಬ್ರಾದ್ರೂ ಕೇಳ್ತಿರ್ತಾರೆ, ಒಳ್ಳೆ ಕನ್ನಡ ಕಾದಂಬರಿ ಹೇಳ್ರಿ ಅಂತ. ಉತ್ತರ ಮಾತ್ರ ಅದೇ ಹತ್ತು ಹನ್ನೆರಡು ಹೆಸರು. ಕನ್ನಡದಲ್ಲಿ ಇವತ್ತು ಬರ್ತಿರೋ ಕಥೆ ಕಾದಂಬರಿ ಕಮ್ಮಿ ಏನಲ್ಲ, ಚೆನ್ನಾಗಿರೋದೂ ಬರ್ತಿದೆ, ಆದ್ರೆ ಅದು ನಮ್ಮ ದಾವಣಗೆರೆ, ಚಿತ್ರದುರ್ಗದ ಓದುಗರ ಕಿವಿಗೆ ಬೀಳೋ ದಾರಿ ಎಲ್ಲಿ ಕಟ್ಟಾಗಿದೆ ಅನ್ನೋದು ನನ್ನ ತಲೆ ತಿಂತಿರೋ ಪ್ರಶ್ನೆ. ಹುಡುಕ್ತಾ ಹೋದಾಗ ನನಗೆ ಅನ್ಸಿದ್ದು ಇಷ್ಟು: 'ವಿಮರ್ಶೆ' ಅನ್ನೋದು ಬೇರೆ, 'ಇದನ್ನ ಓದ್ರಿ' ಅಂತ ಹೇಳೋದು ಬೇರೆ, ಒಂದು ಕಾಲಕ್ಕೆ ಎರಡೂ ಒಬ್ಬರ ಬಾಯಲ್ಲೇ ಬರ್ತಿತ್ತು, ಆಮೇಲೆ ಬೇರೆ ಬೇರೆ ಆಯ್ತು.

ಶುರುವಿನಲ್ಲಿ ಬರೆದೋರೇ ಹೇಳೋರು. ಗಳಗನಾಥರು ತಮ್ಮ ಕಾದಂಬರಿಗಳನ್ನ ತಲೆ ಮೇಲೆ ಹೊತ್ಕೊಂಡು ಊರೂರು ತಿರುಗಿ ಮಾರಿದ್ರು ಅನ್ನೋದು ಕನ್ನಡ ಓದೋ ಎಲ್ಲರಿಗೂ ಗೊತ್ತು. ಮನೆ ಬಾಗಿಲಿಗೆ ಬಂದು ಇದರಲ್ಲಿ ಇಂಥ ಕಥೆ ಇದೆ ತಗೊಳ್ರಿ ಅನ್ನೋ ಲೇಖಕ, ಇದಕ್ಕಿಂತ ನೇರ ಶಿಫಾರಸು ಬೇಕಾ. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿ ಅವರು ಮನೋಹರ ಗ್ರಂಥಮಾಲೆ ಶುರು ಮಾಡಿದಾಗ ಅದು ಚಂದಾದಾರರ ಲೆಕ್ಕ. ಚಂದಾ ಕಟ್ಟಿದೋರಿಗೆ ಪುಸ್ತಕ ಬರುತ್ತೆ, ಯಾವ ಪುಸ್ತಕ ಅಂತ ಆರಿಸೋದು ಪ್ರಕಾಶಕರು. ಅಂದ್ರೆ ಓದುಗ ದುಡ್ಡು ಕೊಟ್ಟಿದ್ದು ಪುಸ್ತಕಕ್ಕಲ್ಲ, ಒಬ್ಬರ ಆಯ್ಕೆಗೆ. ನಮ್ಮ ಕಡೆ ಇದು ಇನ್ನೂ ಮುಖ್ಯ ಯಾಕಂದ್ರೆ ಹರಿಹರದ ಹೊಳೆ ದಾಟಿದ್ರೆ ಆಗ ಮುಂಬಯಿ ಪ್ರಾಂತ, ಈ ಕಡೆ ಮೈಸೂರು ಸಂಸ್ಥಾನ, ಆದ್ರೆ ರೈಲು ಒಂದೇ. ಬೆಂಗಳೂರಿನ ಪುಸ್ತಕ ಕೆಳಗಿಂದ, ಧಾರವಾಡದ್ದು ಮೇಲಿಂದ, ಹತ್ತಿ ಅಂಡಿಗೆ ಹೋಗೋ ಅದೇ ಲೈನಲ್ಲಿ. ದಾವಣಗೆರೆ ಓದುಗರ ಭಾಷೆ ಇವತ್ತಿಗೂ ಅತ್ಲಾಗೂ ಅಲ್ಲ ಇತ್ಲಾಗೂ ಅಲ್ಲ ಅನ್ನೋ ಹಂಗಿದ್ರೂ ಎರಡೂ ಕಡೆ ಬರಹ ಒಗ್ಗೋದು ಇದಕ್ಕೇ ಅಂತ ನನ್ನ ನಂಬಿಕೆ.

ಆಮೇಲೆ ಅ.ನ.ಕೃ, ತ.ರಾ.ಸು ಕಾಲ. ಇವ್ರು ಕಾದಂಬರಿ ಬರೆದು ಮನೇಲಿ ಕೂತೋರಲ್ಲ, ವೇದಿಕೆ ಹತ್ತಿ ಮಾತಾಡಿ ಕನ್ನಡ ಓದೋ ಚಟ ಹಿಡಿಸಿದೋರು. ತ.ರಾ.ಸು ನಮ್ಮೋರು. ಮನೆತನ ಚಳ್ಳಕೆರೆ ತಾಲೂಕಿನ ತಳುಕು, ಹುಟ್ಟಿದ್ದು 1920ರಲ್ಲಿ ಮಲೇಬೆನ್ನೂರಲ್ಲಿ, ಆಗ ಅದು ಚಿತ್ರದುರ್ಗ ಜಿಲ್ಲೆ, 1997ರಲ್ಲಿ ಜಿಲ್ಲೆ ಒಡೆದ ಮೇಲೆ ದಾವಣಗೆರೆಗೆ ಸೇರ್ತು, ಹಂಗಾಗಿ ಎರಡೂ ಊರಿನೋರು ನಮ್ಮೋರು ಅಂತ ಜಗಳ ಆಡಬಹುದು. ದುರ್ಗದ ಪಾಳೇಗಾರರ ಮೇಲೆ ಅವರು ಬರೆದ ಸಾಲು ಸಾಲು ಕಾದಂಬರಿಗಳಲ್ಲಿ ಕೊನೆಯದು ದುರ್ಗಾಸ್ತಮಾನ, 1982ರಲ್ಲಿ ಬಂತು. ಅವರು ತೀರಿಕೊಂಡಿದ್ದು 1984, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದು 1985. ಚಿತ್ರದುರ್ಗದಲ್ಲಿ ಆ ಪುಸ್ತಕಕ್ಕೆ ಪ್ರಶಸ್ತಿಯ ಶಿಫಾರಸು ಬೇಕಾಗಿರ್ಲಿಲ್ಲ. ಕೋಟೆ ತೋರಿಸೋಕೆ ಬರೋ ಗೈಡುಗಳ ಬಾಯಲ್ಲಿ ಇವತ್ತಿಗೂ ಯಾವುದು ಇತಿಹಾಸ ಯಾವುದು ತ.ರಾ.ಸು ಅಂತ ಬಿಡಿಸೋದು ಕಷ್ಟ. ಮದಕರಿ ನಾಯಕನ ಕಥೆ ಕೇಳಿ ಇಳಿದು ಬರೋ ಹುಡುಗ ಪೇಟೆಯಲ್ಲಿ ಆ ದಪ್ಪ ಪುಸ್ತಕ ಕೇಳ್ತಾನೆ, ಅಲ್ಲಿ ಶಿಫಾರಸು ಮಾಡಿದ್ದು ಕಲ್ಲಿನ ಕೋಟೆ.

ಈಗ 1965ಕ್ಕೆ ಬರೋಣ, ಇಲ್ಲಿ ಸ್ವಲ್ಪ ನಿಂತ್ಕೊಬೇಕು. ಆ ಒಂದೇ ವರ್ಷದಲ್ಲಿ ಅನಂತಮೂರ್ತಿಯವರ ಸಂಸ್ಕಾರ ಕಾದಂಬರಿ ಬಂತು, ಭೈರಪ್ಪನವರ ವಂಶವೃಕ್ಷ ಬಂತು, ಸುಧಾ ವಾರಪತ್ರಿಕೆ ಶುರುವಾಯ್ತು, ಸಾರ್ವಜನಿಕ ಗ್ರಂಥಾಲಯ ಕಾಯ್ದೆನೂ ಬಂತು. ಒಂದಕ್ಕೊಂದು ಸಂಬಂಧ ಇಲ್ಲ ಅನ್ಸಬಹುದು. ಆದ್ರೆ ಓದುಗನ ಕಡೆಯಿಂದ ನೋಡಿದ್ರೆ ಪುಸ್ತಕ ಕೈಗೆ ಬರೋ ದಾರಿ ಸುಮಾರು ಆಗಲೇ ಮೂರಾಗಿ ಕವಲೊಡೆದಿದ್ದು.

ಮೊದಲನೇ ದಾರಿ ವಿಮರ್ಶಕರದ್ದು. ನವ್ಯದ ಕಾಲಕ್ಕೆ ಕನ್ನಡ ವಿಮರ್ಶೆ ಎಷ್ಟು ಗಟ್ಟಿಯಾಯ್ತು ಅಂದ್ರೆ ಕುರ್ತಕೋಟಿಯಂಥೋರು ಬರೆದಿದ್ದನ್ನ ಕಥೆ ಓದಿದಷ್ಟೇ ಖುಷಿಯಿಂದ ಓದಬಹುದು, ನಾನು ಓದಿದ್ದೀನಿ. ಅಡಿಗರ ಸಾಕ್ಷಿ, ಆಮೇಲೆ ಅನಂತಮೂರ್ತಿಯವರ ರುಜುವಾತು, ಈ ಪತ್ರಿಕೆಗಳೆಲ್ಲ ಒಂದು ಪುಸ್ತಕನ ಹೆಂಗೆ ಬಿಚ್ಚಿ ನೋಡಬೇಕು ಅಂತ ಕಲಿಸಿದ್ವು. ಆದ್ರೆ ಅದು ಓದಾದ ಮೇಲಿನ ಮಾತು. ಓದೋಕೆ ಮುಂಚೆ ಕೇಳೋ ಮಾತಲ್ಲ. ಮಿಲ್ಲಿನ ಶಿಫ್ಟ್ ಮುಗಿಸಿ ಬಂದೋನಿಗೆ, ಅಡುಗೆ ಮುಗಿಸಿ ಮಧ್ಯಾಹ್ನ ಎರಡು ತಾಸು ಸಿಕ್ಕೋರಿಗೆ ಇದು ನಿಮಗೆ ಹಿಡಿಸುತ್ತೆ ನೋಡ್ರಿ ಅಂತ ಹೇಳೋ ಕೆಲಸನ ವಿಮರ್ಶೆ ಮೆಲ್ಲಗೆ ಬಿಟ್ಟುಬಿಡ್ತು. ಪಿಯುಸಿಯಲ್ಲಿದ್ದಾಗ ಒಂದು ಪತ್ರಿಕೆಯಲ್ಲಿ ಬಂದ ರಿವ್ಯೂ ನೋಡಿ ದುಡ್ಡು ಕೂಡಿಟ್ಟು ಒಂದು ಕಾದಂಬರಿ ತರಿಸಿದ್ದೆ. ಪುಸ್ತಕ ಬರೋದ್ರೊಳಗೆ ಆ ರಿವ್ಯೂನ ಮತ್ತೊಂದು ಸಲ ಪೂರ್ತಿ ಓದಿದೆ, ಕೊನೆಯಲ್ಲಿ ಯಾರು ಸಾಯ್ತಾರೆ ಅನ್ನೋದು ಮೂರನೇ ಕಾಲಮ್ಮಿನಲ್ಲಿ ಸಲೀಸಾಗಿ ಬರೆದಿದ್ರು. ಬರೆದೋರಿಗೆ ಅದು ತಪ್ಪು ಅನ್ಸೇ ಇಲ್ಲ, ಯಾಕಂದ್ರೆ ಓದೋನು ಆಗಲೇ ಪುಸ್ತಕ ಓದಿದ್ದಾನೆ ಅನ್ನೋದೇ ಅವರ ಲೆಕ್ಕ.

ಎರಡನೇದು ವಾರಪತ್ರಿಕೆ ದಾರಿ. ಧಾರಾವಾಹಿ. ಇದರ ಬಗ್ಗೆ ಬರೆಯೋರು ಕಮ್ಮಿ, ಅದಕ್ಕೇ ನನಗೆ ಸಿಟ್ಟು. ವಾರ ವಾರ ಬಂದ ಕಂತುಗಳನ್ನ ಹುಷಾರಾಗಿ ಹರಿದು, ಗೋಣಿ ಹೊಲಿಯೋ ದಬ್ಬಳದಲ್ಲಿ ಮೂರು ತೂತು ಮಾಡಿ ದಾರ ಪೋಣಿಸಿ ಇಟ್ಕೊಳ್ಳೋರು ಹೆಣ್ಮಕ್ಕಳು. ನಮ್ಮ ಅತ್ತೆ ಮನೆ ಅಟ್ಟದಲ್ಲಿ ಇಂಥ ಹನ್ನೊಂದು ಕಟ್ಟು ಸಿಕ್ತು, ಒಂದರಲ್ಲಿ ಏಳನೇ ಕಂತು ಇರ್ಲಿಲ್ಲ, ಅದರ ಜಾಗದಲ್ಲಿ ಬಿಳಿ ಹಾಳೆ ಸೇರಿಸಿ ಏನಾಯ್ತು ಅನ್ನೋದನ್ನ ಅತ್ತೆ ತಮ್ಮ ಕೈಬರಹದಲ್ಲಿ ಎಂಟು ಸಾಲು ಬರೆದಿದ್ರು, ಮುಂದೆ ಓದೋರಿಗೆ ತೊಂದ್ರೆ ಆಗಬಾರ್ದು ಅಂತ. ಆ ಕಟ್ಟುಗಳು ಹರಿಹರದಿಂದ ಹೊಳಲ್ಕೆರೆ, ಹೊಳಲ್ಕೆರೆಯಿಂದ ಹೊಸದುರ್ಗ ಅಂತ ನೆಂಟರ ಮನೆಗೆಲ್ಲ ತಿರುಗಿವೆ. ಈ ಬರಹಕ್ಕೆ 'ಜನಪ್ರಿಯ' ಅಂತ ಒಂದು ಹೆಸರಿಟ್ಟು ಪಕ್ಕಕ್ಕೆ ಸರಿಸಿದ್ರು. ಅದರಲ್ಲಿ ಜೊಳ್ಳು ಇತ್ತು, ಇಲ್ಲ ಅನ್ನಲ್ಲ, ಆದ್ರೆ ಜೊಳ್ಳು ಯಾವುದು ಕಾಳು ಯಾವುದು ಅಂತ ಕೇರಿ ಹೇಳೋ ಕೆಲಸ ಅಚ್ಚಾದ ಪುಟದಲ್ಲಿ ಯಾರೂ ಸರಿಯಾಗಿ ಮಾಡ್ಲಿಲ್ಲ, ಅಮ್ಮನಂಥೋರು ಪೆನ್ಸಿಲ್ ಚುಕ್ಕೆಯಲ್ಲಿ ಮಾಡ್ಕೊಂಡ್ರು.

ಮೂರನೇದು ಸರ್ಕಾರದ ದಾರಿ. ನಾವು ಕಟ್ಟೋ ಆಸ್ತಿ ತೆರಿಗೆ ಜೊತೆ 6% ಗ್ರಂಥಾಲಯ ಕರ ಸೇರಿರುತ್ತೆ. ಆ ದುಡ್ಡಲ್ಲಿ ಇಲಾಖೆ ಪ್ರಕಾಶಕರಿಂದ ಸಗಟು ಲೆಕ್ಕದಲ್ಲಿ, ಒಂದು ಪುಸ್ತಕದ 300 ಪ್ರತಿ ಅನ್ನೋ ಹಂಗೆ ಕೊಂಡ್ಕೊಳ್ತಾ ಬಂದಿದೆ, ದರ ಪುಟಕ್ಕಿಷ್ಟು ಅಂತ. ಇದು ಒಳ್ಳೆದೇ, ಎಷ್ಟೋ ಸಣ್ಣ ಪ್ರಕಾಶಕರು ಉಳ್ಕೊಂಡಿದ್ದು ಇದರಿಂದ. ಆದ್ರೆ ಒಂದು ಎಡವಟ್ಟೂ ಆಯ್ತು. ಸಾವಿರ ಪ್ರತಿ ಹಾಕಿಸೋ ಕಡೆ 300 ಹೋಗೋದು ಗ್ಯಾರಂಟಿ ಅಂದ್ರೆ, ದಾವಣಗೆರೆಯ ಓದುಗನ್ನ ಹುಡ್ಕೊಂಡು ಬಂದು ಹೇಳೋ ಗರಜು ಎಷ್ಟೋ ಜನಕ್ಕೆ ಉಳೀಲಿಲ್ಲ. ಗಳಗನಾಥರಿಗೆ ಇದ್ದ ಗರಜು ಅದು.

ತೊಂಬತ್ತರ ದಶಕದಲ್ಲಿ ಕೇಬಲ್ ಬಂತು, ಮಧ್ಯಾಹ್ನದ ಆ ಎರಡು ತಾಸು ಟಿವಿಗೆ ಹೋಯ್ತು, ನಮ್ಮ ಓಣಿ ಲೈಬ್ರರಿ ಜಾಗಕ್ಕೆ ಎಸ್‌ಟಿಡಿ ಬೂತ್ ಬಂತು, ಆಮೇಲೆ ಮೊಬೈಲ್ ಅಂಗಡಿ. ಖಾಕಿ ರಟ್ಟಿನ ಪುಸ್ತಕಗಳನ್ನ ತೂಕಕ್ಕೆ ಹಾಕಿದ್ರು. ಅಮ್ಮ ಹೋಗಿ 21ನೇ ಪುಟ ನೋಡಿ ನೋಡಿ ಹದಿನಾಲ್ಕು ಪುಸ್ತಕ ಆರಿಸ್ಕೊಂಡು ಬಂದ್ರು.

ಆಮೇಲೆ ಪುಸ್ತಕ ಕಾಣ್ತಿದ್ದಿದ್ದು ಜಾತ್ರೆ ಸಮ್ಮೇಳನಗಳಲ್ಲಿ. 1992ರಲ್ಲಿ ಜಿ.ಎಸ್. ಶಿವರುದ್ರಪ್ಪನವರ ಅಧ್ಯಕ್ಷತೆಯಲ್ಲಿ ದಾವಣಗೆರೆ ಸಾಹಿತ್ಯ ಸಮ್ಮೇಳನ, 2009ರಲ್ಲಿ ಎಲ್. ಬಸವರಾಜು ಅವರ ಅಧ್ಯಕ್ಷತೆಯಲ್ಲಿ ಚಿತ್ರದುರ್ಗದ 75ನೇದು. ದುರ್ಗದ ಮಳಿಗೆಗಳ ಮುಂದೆ ನಾನು ಒಂದಿಡೀ ದಿನ ನಿಂತಿದ್ದೆ, ಜನ ಪುಸ್ತಕ ಕೊಳ್ಳೋಕೆ ದುಡ್ಡು ಹಿಡ್ಕೊಂಡೇ ಬಂದಿದ್ರು, ಆದ್ರೆ ಯಾವುದು ಅಂತ ಗೊತ್ತಿಲ್ದೆ ಬೆನ್ನುಡಿ ತಿರುಗಿಸಿ ತಿರುಗಿಸಿ ನೋಡೋರು. ಬೆನ್ನುಡಿ ಬರೆದಿರೋದು ಲೇಖಕರ ಗುರುಗಳು, ಮುನ್ನುಡಿ ಬರೆದಿರೋದು ಲೇಖಕರ ಹಿತೈಷಿಗಳು, ಅವರು ಇನ್ನೇನು ಹೇಳ್ತಾರೆ.

2004ರಲ್ಲಿ ವಸುಧೇಂದ್ರ ಅವರು ಛಂದ ಪುಸ್ತಕ ಅನ್ನೋ ಪ್ರಕಾಶನ ಶುರು ಮಾಡಿ ಹೊಸ ಕಥೆಗಾರರನ್ನ ತಂದ್ರು, ವಿವೇಕ ಶಾನಭಾಗರ ದೇಶಕಾಲ ಪತ್ರಿಕೆ ಬಂತು, ಬರಹ ಮತ್ತೆ ಚಿಗುರಿತು. ಆದ್ರೆ ಸುದ್ದಿ ತಲುಪೋ ದಾರಿ ವಿಚಿತ್ರ ಆಯ್ತು. ಶಾನಭಾಗರ ಘಾಚರ್ ಘೋಚರ್ ಕನ್ನಡದಲ್ಲಿ 2013ಕ್ಕೇ ಬಂದಿತ್ತು, ಶ್ರೀನಾಥ್ ಪೇರೂರ್ ಮಾಡಿದ ಇಂಗ್ಲಿಷ್ ಅನುವಾದ ಬಂದು ಅಮೆರಿಕದಲ್ಲಿ ಹೊಗಳಿದ ಮೇಲೆ ನಮ್ಮ ಹದಡಿ ರೋಡಿನ ಗೆಳೆಯನೊಬ್ಬ ನನಗೇ ಫೋನ್ ಮಾಡಿ ಇದು ಕನ್ನಡದಲ್ಲೂ ಐತಾ ಅಂತ ಕೇಳ್ದ. ಬಾನು ಮುಷ್ತಾಕ್ ಅವರದ್ದೂ ಹಂಗೇ. ಲಂಕೇಶ್ ಪತ್ರಿಕೆ ಕಾಲದಿಂದ ಹಾಸನದಲ್ಲಿ ಕೂತು ಬರೀತಿರೋರು, ಇಲ್ಲಿಂದ ನಾಲ್ಕೈದು ತಾಸಿನ ದಾರಿ. ದೀಪಾ ಭಾಸ್ತಿ ಅನುವಾದಿಸಿದ ಹನ್ನೆರಡು ಕಥೆಗಳಿಗೆ 2025ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಇಂಟರ್‌ನ್ಯಾಷನಲ್ ಬುಕರ್ ಬಂತು, ಕಥಾ ಸಂಕಲನಕ್ಕೆ ಆ ಪ್ರಶಸ್ತಿ ಬಂದಿದ್ದೇ ಅದು ಮೊದಲು, ಆಗ ನೋಡಿ ಎಲ್ಲರೂ ಅವರ ಪುಸ್ತಕ ಎಲ್ಲಿ ಸಿಗುತ್ತೆ ಅಂತ ಓಡಾಡಿದ್ವಿ. ಖುಷಿ ಪಟ್ಟೆ, ಅವತ್ತು ಕಣ್ಣಲ್ಲಿ ನೀರೂ ಬಂತು. ಆದ್ರೆ 1990ರಿಂದ ಬರೆದ ಕಥೆಗಳು ಅವು, ಇಷ್ಟು ವರ್ಷ ನಮ್ಮ ನಡುವೆ ಯಾರಾದ್ರೂ ಪುಟದ ಅಂಚಲ್ಲಿ ಒಂದು ಚುಕ್ಕೆ ಇಟ್ಟು ದಾಟಿಸಿದ್ರೆ ಲಂಡನ್ನಿನೋರು ಹೇಳೋ ತನಕ ಕಾಯಬೇಕಿತ್ತಾ.

ಈಗಿನ ರೀಲ್ಸ್, ಸ್ಟಾರ್ ರೇಟಿಂಗ್ ಬಗ್ಗೆ ನನಗೆ ಸಿಟ್ಟಿಲ್ಲ. ಹುಡುಗ್ರು ಪುಸ್ತಕ ಹಿಡಿದು ಮಾತಾಡ್ತಿರೋದು ನೋಡಿದ್ರೆ ಹೊಟ್ಟೆ ತಂಪಾಗುತ್ತೆ. ಕೊರತೆ ಒಂದೇ, 'ಅದ್ಭುತ, ಎಲ್ಲರೂ ಓದಲೇಬೇಕು' ಅಂದ್ರೆ ಯಾರಿಗೂ ಹೇಳಿದ ಹಂಗಾಗಲ್ಲ. ಯಾರಿಗೆ ಹಿಡಿಸುತ್ತೆ, ಎಲ್ಲಿ ಎಳೆಯುತ್ತೆ, ಭಾಷೆ ಯಾವ ಕಡೆದು, ಯಾವ ಪುಟದ ತನಕ ತಾಳ್ಮೆ ಬೇಕು, ಎಷ್ಟಕ್ಕೆ ಸಿಗುತ್ತೆ, ಇಷ್ಟು ಹೇಳಿದ್ರೆ ಸಾಕು, ಕೊನೆ ಮಾತ್ರ ಹೇಳಬೇಡ್ರಿ.

ನಾನು ಹೊಸ ಕಾದಂಬರಿ ತಂದಾಗ ಓದಿ ಯಾರಿಗಾದ್ರೂ ಕೊಡ್ತೀನಿ, ಒಳರಟ್ಟಿಗೆ ಗೆರೆ ಹಾಕಿದ ಒಂದು ಹಾಳೆ ಅಂಟಿಸಿರ್ತೀನಿ, ಓದಿದೋರು ಎರಡು ಸಾಲು ಬರೆದು ಮುಂದಿನೋರಿಗೆ ದಾಟಿಸಬೇಕು ಅಂತ ಕರಾರು. ಹೋದ ತಿಂಗಳು ಒಂದು ಪುಸ್ತಕ ಜಗಳೂರು, ಚಳ್ಳಕೆರೆ ಎಲ್ಲ ತಿರುಗಿ ಒಂಬತ್ತು ಜನರ ಅಕ್ಷರ ಹೊತ್ಕೊಂಡು ವಾಪಸ್ ಬಂತು. ಐದನೇದು ನರ್ಸ್ ಕೆಲಸ ಮಾಡೋ ಒಬ್ಬ ಹುಡುಗಿದು: 'ನೈಟ್ ಡ್ಯೂಟಿಯಲ್ಲಿ ಓದಬೇಡಿ, ಆಸ್ಪತ್ರೆ ಭಾಗ ತುಂಬಾ ನಿಜ ಇದೆ. 112ರಿಂದ 140 ನಿಧಾನ. ತಾಯಿ ಪಾತ್ರಕ್ಕೋಸ್ಕರ ಓದಿ.' ಅದನ್ನ ಅಮ್ಮಂಗೆ ತೋರಿಸ್ದೆ. ಕನ್ನಡಕ ಹಾಕ್ಕೊಂಡು ಎರಡು ಸಲ ಓದಿ, ಪುಸ್ತಕ ತಗೊಂಡು ಒಳಗೆ ಹೋದ್ರು.