ಗಾಜು ಒಡೆಯುವವರು ಯಾರು?

ಬಸ್ ಸ್ಟಾಪಿನ ಗಾಜಿಗೆ ಕಲ್ಲು ಹೊಡೆಯುವುದು, ಹಳೇ ದೇವಸ್ಥಾನದ ಕಂಬದ ಮೇಲೆ ಹೆಸರು ಗೀಚುವುದು, ಇವೆಲ್ಲ ವ್ಯಾಂಡಲಿಸಂ. ಬೇಕಂತಲೇ ಹಾಳು ಮಾಡುವುದು, ಅದೂ ಮೂರು ಕಾಸಿನ ಲಾಭವಿಲ್ಲದೆ. ಕಳ್ಳನಿಗಾದರೂ ಏನೋ ಸಿಗುತ್ತದೆ.

ವ್ಯಾಂಡಲರು ಅಂದರೆ ಒಂದು ಜರ್ಮ್ಯಾನಿಕ್ ಬುಡಕಟ್ಟು. ಕ್ರಿ.ಶ. 455ರಲ್ಲಿ ಎರಡು ವಾರ ರೋಮ್ ನಗರವನ್ನು ದೋಚಿದರು. ಆದರೆ ಚಿನ್ನ, ಬೆಳ್ಳಿ ಹೊತ್ತುಕೊಂಡು ಹೋಗುವುದು ಲೂಟಿ. ಅವರ ಹೆಸರಿಗೆ ಈಗಿನ ಅರ್ಥ ಅಂಟಿದ್ದು 1794ರಲ್ಲಿ. ಕ್ರಾಂತಿಯ ಹೊತ್ತಿನಲ್ಲಿ ಫ್ರಾನ್ಸಿನ ಜನ ತಮ್ಮದೇ ದೇಶದ ಪ್ರತಿಮೆಗಳನ್ನು ಒಡೆಯುತ್ತಿದ್ದರು. ಬಿಷಪ್ ಆಂರಿ ಗ್ರೆಗ್ವಾರ್ ಅದನ್ನು ಖಂಡಿಸಲು ಈ ಪದ ಹುಟ್ಟಿಸಿದ. ಒಡೆದವರು ಫ್ರೆಂಚರು, ಕೆಟ್ಟ ಹೆಸರು ವ್ಯಾಂಡಲರಿಗೆ!

ಹಾಳು ಮಾಡುವವರು ಯಾರೋ ಬೇರೆ ಥರದ ಜನ ಅನ್ನುವ ನಂಬಿಕೆ ನಮಗೂ ಇದೆ, ಅಲ್ವಾ? 1969ರಲ್ಲಿ ಮನೋವಿಜ್ಞಾನಿ ಫಿಲಿಪ್ ಜಿಂಬಾರ್ಡೊ ಇದನ್ನೇ ಕೆಣಕಿದರು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ನಂಬರ್ ಪ್ಲೇಟ್ ತೆಗೆದ, ಬಾನೆಟ್ ಎತ್ತಿದ ಕಾರೊಂದನ್ನು ನಿಲ್ಲಿಸಿದರು. ಹತ್ತೇ ನಿಮಿಷದಲ್ಲಿ ಜನ ಬಂದರು. ಪುಂಡರಲ್ಲ. ಅಪ್ಪ, ಅಮ್ಮ, ಜೊತೆಗೊಬ್ಬ ಚಿಕ್ಕ ಮಗ! ರೇಡಿಯೇಟರ್, ಬ್ಯಾಟರಿ ಬಿಚ್ಚಿಕೊಂಡು ಹೋದರು. ಒಂದೇ ದಿನದಲ್ಲಿ ಬೆಲೆಬಾಳುವುದೆಲ್ಲ ಖಾಲಿ. ಆಮೇಲೆ ಶುರುವಾಗಿದ್ದು ಸುಮ್ನೆ ಒಡೆಯುವ ಕೆಲಸ. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ನಿಲ್ಲಿಸಿದ ಇನ್ನೊಂದು ಕಾರನ್ನು ವಾರ ಕಳೆದರೂ ಯಾರೂ ಮುಟ್ಟಲಿಲ್ಲ. ಕೊನೆಗೆ ಮೊದಲ ಏಟು ಹಾಕಿದ್ದು ಸಂಶೋಧಕರೇ, ಸುತ್ತಿಗೆ ಹಿಡಿದು. ಆಮೇಲೆ ಉಳಿದವರೂ ಕೈಜೋಡಿಸಿದರು.

ಎರಡು ಕಾರು ನೋಡಿ ಸಿದ್ಧಾಂತ ಕಟ್ಟಿದರೆ ನಾನಂತೂ ಒಪ್ಪುವುದಿಲ್ಲ. 2008ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಗ್ರೋನಿಂಗನ್ ಊರಿನ ಪ್ರಯೋಗಗಳು ಇದಕ್ಕಿಂತ ಗಟ್ಟಿ. ಸೈಕಲ್ ನಿಲ್ಲಿಸುವ ಓಣಿಯೊಂದರಲ್ಲಿ ಪ್ರತಿ ಹ್ಯಾಂಡಲ್‌ಗೂ ಒಂದು ಜಾಹೀರಾತು ಚೀಟಿ ಸಿಕ್ಕಿಸಿದರು. ಹತ್ತಿರದಲ್ಲೆಲ್ಲೂ ಕಸದ ಬುಟ್ಟಿ ಇಲ್ಲ. ಗೋಡೆ ಶುಭ್ರವಾಗಿದ್ದಾಗ ಶೇ. 33 ಮಂದಿ ಚೀಟಿಯನ್ನು ನೆಲಕ್ಕೆಸೆದರು ಅಥವಾ ಪಕ್ಕದ ಸೈಕಲ್ಲಿಗೆ ದಾಟಿಸಿದರು. ಅದೇ ಗೋಡೆಗೆ ಬಣ್ಣ ಗೀಚಿಟ್ಟಾಗ ಶೇ. 69. ಇನ್ನೊಂದು ಕಡೆ, ಅಂಚೆ ಡಬ್ಬಿಯ ಬಾಯಲ್ಲಿ ಐದು ಯೂರೋ ನೋಟು ಕಾಣುವಂಥ ಕವರ್ ಸಿಕ್ಕಿಸಿಟ್ಟರು. ಡಬ್ಬಿ ಚೆನ್ನಾಗಿದ್ದಾಗ ಕದ್ದವರು ಶೇ. 13. ಡಬ್ಬಿಯ ಮೇಲೆ ಗೀಚಿದ್ದಾಗ ಶೇ. 27. ಅಂದರೆ ಹಾಳಾದ ಜಾಗ ಕಣ್ಣಿಗೆ ಬಿದ್ದರೆ ಬೇರೆ ತಪ್ಪುಗಳಿಗೂ ಧೈರ್ಯ ಬರುತ್ತದೆ.

ಹಾಗಂತ ಎಲ್ಲ ಹೊರೆಯನ್ನೂ ಗೋಡೆಯ ಮೇಲೆ ಹಾಕುವಂತಿಲ್ಲ. ಗೀಚಿದ ಡಬ್ಬಿಯ ಮುಂದೆ ಹಾದುಹೋದ ಹೆಚ್ಚಿನವರು ಆ ಕವರನ್ನು ಕದಿಯಲಿಲ್ಲ.