ಗಂಧಕದ ಲೆಕ್ಕ ಹತ್ತು ಕಿಲೋಮೀಟರಿಗೆ ಮುಗಿಯುವುದಿಲ್ಲ

ಯಾದಗಿರಿ ಕಡೆಯವರು ನನ್ನನ್ನು ಕೇಳುವುದು ಇಷ್ಟೇ: "ರಾಯಚೂರಿನ ಶಕ್ತಿನಗರದ ಕಲ್ಲಿದ್ದಲು ಕರೆಂಟ್ ಘಟಕದ ಚಿಮಣಿ ನಮ್ಮೂರಿಂದ ಐವತ್ತು ಕಿಲೋಮೀಟರ್ ದೂರ ಅದ. ಅದರ ಗ್ಯಾಸು ಇಲ್ಲಿತನಕ ಉಳಿದಿರ್ತದೇನ್ರೀ?"

ಅಷ್ಟು ದೂರಕ್ಕೆ ಗ್ಯಾಸು ತೆಳುವಾಗುತ್ತದೆ, ಮೋಡ ಸಿಕ್ಕರೆ ಗ್ಯಾಸಾಗಿ ಉಳಿಯುವುದೂ ಕಮ್ಮಿಯೇ. ಆದರೆ ಗಂಧಕ ಎಲ್ಲಿಗೆ ಹೋಗಬೇಕು?

ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಗಂಧಕ ಸುಮಾರು ಶೇ. 0.5ರಷ್ಟು ಇರುತ್ತದೆ. ಒಂದು ಟನ್ ಸುಟ್ಟರೆ ಹೆಚ್ಚುಕಮ್ಮಿ 10 ಕೆ.ಜಿ. ಸಲ್ಫರ್ ಡೈಆಕ್ಸೈಡ್ ಅನಿಲ. ಎತ್ತರದ ಚಿಮಣಿ ಅದನ್ನು ದೂರಕ್ಕೆ ಹರಡುತ್ತದೆ, ಅಷ್ಟೇ. ಮುಂಗಾರಿನಲ್ಲಿ ಪಡುವಣ ಗಾಳಿ ತೆಲಂಗಾಣದ ಕಡೆ ತಳ್ಳುತ್ತದೆ. ಯಾದಗಿರಿಗೆ ಲೆಕ್ಕಕ್ಕೆ ಬರುವುದು ತೆಂಕಣ, ಆಗ್ನೇಯ ಗಾಳಿಯ ದಿನಗಳು.

ಹೋಗುವ ದಾರಿಯಲ್ಲೇ ಅನಿಲ ಸಲ್ಫೇಟ್ ಎನ್ನುವ ಸಣ್ಣ ಕಣವಾಗುತ್ತದೆ. ಬರೀ ಬಿಸಿಲಿನಲ್ಲಿ ಈ ಕೆಲಸ ನಿಧಾನ, ಗಂಟೆಗೆ ಶೇ. 1ರ ಆಸುಪಾಸು. ಮೋಡ ಸಿಕ್ಕರೆ ಕಥೆಯೇ ಬೇರೆ. ಹನಿಯೊಳಗೆ ಹೈಡ್ರೋಜನ್ ಪೆರಾಕ್ಸೈಡ್ ಇದ್ದರೆ ಒಂದು ಗಂಟೆಯೂ ಬೇಡ. ಆಮೇಲೆ ಯೂರಿಯಾ, ದನದ ಗಂಜಲದಿಂದ ಬರುವ ಅಮೋನಿಯಾ ಜೊತೆ ಸೇರಿ ಅದು ಪಿಎಂ 2.5 ಎನ್ನುವ ಸಣ್ಣ ಧೂಳಾಗುತ್ತದೆ. ಅನಿಲದ ಮೀಟರ್ ಇಳಿಯಿತು ಅಂತ ಖುಷಿಪಟ್ಟರೆ, ಇತ್ತ ಇದು ಏರಿರುತ್ತದೆ.

ಈಗ ನಮ್ಮ ಭಾಗದ ಮಾತು. ಶಹಾಬಾದ್ ಕಲ್ಲಿನ ಪಾಲಿಶ್ ಪುಡಿ, ಸೇಡಂ–ವಾಡಿಯ ಸುಣ್ಣದಕಲ್ಲಿನ ಧೂಳು, ಬೇಸಿಗೆಯ ಮಣ್ಣು, ಎಲ್ಲದರಲ್ಲೂ ಕ್ಯಾಲ್ಸಿಯಂ ಜಾಸ್ತಿ. ಇದು ಮೋಡದ ಹನಿಯ ಹುಳಿಯನ್ನು ಮುರಿಯುತ್ತದೆ. ಹನಿಯ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟು ಹುಳಿ ಜಾಸ್ತಿ) 4 ಇದ್ದಾಗ, ಅನಿಲವನ್ನು ಸಲ್ಫೇಟ್ ಮಾಡಬಲ್ಲ ಗಾಳಿಯ ಓಝೋನ್ ಅಲ್ಲಿ ಹೆಚ್ಚೇನೂ ಮಾಡಲಾರದು. 5 ದಾಟಿ 6ರತ್ತ ಹೋದರೆ ಅದರ ವೇಗ ಸಾವಿರಾರು ಪಟ್ಟು ಏರುತ್ತದೆ. ಹಾಗಾಗಿ ಈ ಧೂಳನ್ನು ಬಿಟ್ಟು ಓಡಿಸಿದ ಕಂಪ್ಯೂಟರ್ ಲೆಕ್ಕದ ಮಾಡೆಲ್ ಎರಡು ಕಡೆ ಎಡವುತ್ತದೆ: ಮಳೆಯನ್ನು ಇರುವುದಕ್ಕಿಂತ ಹುಳಿಯಾಗಿ ತೋರಿಸುತ್ತದೆ, ಸಲ್ಫೇಟ್ ಕಮ್ಮಿ ತೋರಿಸುತ್ತದೆ. ಮಳೆ ಹುಳಿಯಿಲ್ಲ ಅಂದರೆ ಗಾಳಿ ಚೊಕ್ಕ ಅಂತಲ್ಲ.

ನನಗೆ ತಕರಾರಿರುವುದು ಇಂಥ ಘಟಕಗಳಿಗೆ ಮಾಡುವ ಪರಿಸರ ಪರಿಣಾಮದ ವರದಿಗಳ ಬಗ್ಗೆ. ಅವು ಸಾಮಾನ್ಯವಾಗಿ ಘಟಕದ ಸುತ್ತ 10 ಕಿ.ಮೀ. ಮಾತ್ರ ನೋಡುತ್ತವೆ. ಅಲ್ಲಿ ಹೆಚ್ಚಾಗಿ ಬಳಸುವ ಏರ್‌ಮಾಡ್ ಎನ್ನುವ ಮಾಡೆಲ್ ಅನಿಲ ಹರಡುವುದನ್ನು ಚೆನ್ನಾಗಿ ಲೆಕ್ಕ ಹಾಕುತ್ತದೆ, ಆದರೆ ಸಲ್ಫೇಟ್ ಹುಟ್ಟುವುದನ್ನು ಲೆಕ್ಕ ಹಾಕುವುದಿಲ್ಲ. ಅದಕ್ಕೆ ಗಾಳಿಯ ರಸಾಯನವನ್ನೂ ಲೆಕ್ಕ ಹಾಕುವ ಸಿಮ್ಯಾಕ್, ಡಬ್ಲ್ಯುಆರ್‌ಎಫ್-ಕೆಮ್ ಥರದ ಮಾಡೆಲ್ ಬೇಕು. ದೊಡ್ಡ ಕಂಪ್ಯೂಟರು, ಜಾಸ್ತಿ ಸಮಯ, ಜಾಸ್ತಿ ಖರ್ಚು, ನಿಜ. ಘಟಕದ ಬಗ್ಗೆ ಜನರ ಅಹವಾಲು ಸಭೆಗೆ ಹೋದರೆ ಎರಡೇ ಮಾತು ಕೇಳಿ: ಸಲ್ಫೇಟ್ ಲೆಕ್ಕ ಹಾಕಿದ್ದೀರಾ, ನಮ್ಮ ಧೂಳನ್ನು ಸೇರಿಸಿದ್ದೀರಾ?