ಮೂಗಿನಲ್ಲಿ ಬೆಳ್ಳಿ, ಮಾಸ್ಕಿನಲ್ಲಿ ತಾಮ್ರ: ನ್ಯಾನೋಕಣಗಳ ಬಗ್ಗೆ ಒಂದು ಅಧ್ಯಯನ ಟಿಪ್ಪಣಿ

ಮೊದಲು ಲೆಕ್ಕ ಮಾಡೋಣ, ವಿಜ್ಞಾನ ಆಮೇಲೆ. ಮೆಕ್ಸಿಕೋದ ಟಿಹುವಾನಾ ನಗರದ ಆಸ್ಪತ್ರೆಯೊಂದರಲ್ಲಿ ಕೋವಿಡ್ ಕಾಲದಲ್ಲಿ 231 ಮಂದಿ ಆರೋಗ್ಯ ಸಿಬ್ಬಂದಿಯ ಮೇಲೆ ಒಂಬತ್ತು ವಾರಗಳ ಪ್ರಯೋಗ ನಡೆಯಿತು. ಒಂದು ಗುಂಪು ಬೆಳ್ಳಿಯ ನ್ಯಾನೋಕಣಗಳಿರುವ (ಬರಿಗಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಿರುವ) ದ್ರಾವಣದಿಂದ ಬಾಯಿ ಮುಕ್ಕಳಿಸಿ ಮೂಗು ತೊಳೆದುಕೊಳ್ಳುತ್ತಿತ್ತು. ಇನ್ನೊಂದು ಗುಂಪು ಎಂದಿನ ವಿಧಾನದಲ್ಲೇ ಶುಚಿ ಮಾಡಿಕೊಳ್ಳುತ್ತಿತ್ತು. ಬೆಳ್ಳಿ ಬಳಸಿದ 114 ಮಂದಿಯಲ್ಲಿ ಇಬ್ಬರಿಗೆ ಸೋಂಕು ತಗುಲಿತು. ಬಳಸದ 117 ಮಂದಿಯಲ್ಲಿ 33 ಮಂದಿಗೆ. ಶೇಕಡಾವಾರು 1.8 ಮತ್ತು 28.2. ಫಲಿತಾಂಶ ಪ್ರಕಟವಾದದ್ದು 2021ರಲ್ಲಿ.

ಕ್ಯಾಲ್ಕುಲೇಟರ್ ಹಿಡಿದು ನೋಡಿ: ಸೋಂಕಿನ ಪ್ರಮಾಣ ಸುಮಾರು ಶೇ 94ರಷ್ಟು ತಗ್ಗಿದೆ. ಆದರೆ ಪ್ರಬಂಧದ ಸಾರಾಂಶ ಹೇಳುವ ಪರಿಣಾಮಕಾರಿತ್ವ ಶೇ 84.8. ಲೆಕ್ಕದ ವಿಧಾನ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ಆದ್ದರಿಂದ ಪರೀಕ್ಷೆಯಲ್ಲಿ ಬರೆಯುವಾಗ ಶೇಕಡಾವಾರಿನ ಪಕ್ಕದಲ್ಲಿ ‘114ರಲ್ಲಿ 2, 117ರಲ್ಲಿ 33’ ಎಂಬ ಮೂಲ ಅಂಕಿಗಳನ್ನೂ ಬರೆಯಿರಿ.

ಇನ್ನು, ಬೆಳ್ಳಿಯೇ ಏಕೆ? ಹಬ್ಬದ ಮುನ್ನಾದಿನ ದೇವರ ಮನೆಯ ಬೆಳ್ಳಿ ದೀಪಕ್ಕೆ ವಿಭೂತಿ ಹಚ್ಚಿ ಉಜ್ಜುತ್ತೇವಲ್ಲ, ಆಗ ಹೋಗುವ ಕಪ್ಪು ಬಣ್ಣವೇ ಸಿಲ್ವರ್ ಸಲ್ಫೈಡ್, ಅಂದರೆ ಬೆಳ್ಳಿ ಮತ್ತು ಗಂಧಕ ಸೇರಿ ಆದ ವಸ್ತು. ಗಾಳಿಯಲ್ಲಿ ಚೂರೇ ಚೂರು ಗಂಧಕದ ಅನಿಲವಿದ್ದರೂ ಬೆಳ್ಳಿ ಅದನ್ನು ಹುಡುಕಿ ಹಿಡಿಯುತ್ತದೆ. ವೈರಸ್ಸಿನ ಹೊರಮೈಯ ಪ್ರೊಟೀನುಗಳಲ್ಲೂ ಗಂಧಕವಿದೆ. ಬೆಳ್ಳಿ ಅಲ್ಲಿಗೆ ಅಂಟಿಕೊಂಡರೆ ಜೀವಕೋಶದ ಬಾಗಿಲು ತೆರೆಯುವ ಪ್ರೊಟೀನಿನ ಆಕಾರವೇ ಕೆಡುತ್ತದೆ ಎಂಬುದು ಮುಖ್ಯ ವಿವರಣೆ.

ಹಾಗಾದರೆ ಬೆಳ್ಳಿ ಲೋಟವೇ ಸಾಲದೇ? ಸಾಲದು, ಪ್ರಶ್ನೆ ಮೇಲ್ಮೈಯದು. ಒಂದು ಸೆಂಟಿಮೀಟರಿನ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರಿನ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ) ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 600 ಚದರ ಮೀಟರ್, ಅಂದರೆ ಬೆಂಗಳೂರಿನ ಐದು 30×40 ಸೈಟುಗಳಿಗಿಂತ ಹೆಚ್ಚು! ಕೊರೊನಾ ವೈರಸ್ಸಿನ ಅಡ್ಡಳತೆ ಸುಮಾರು 100 ನ್ಯಾನೋಮೀಟರ್. ಕುಂಬಳಕಾಯಿಗೆ ಗೋಲಿಗಳು ಮುತ್ತಿಕೊಂಡಂತೆ ಕಲ್ಪಿಸಿಕೊಳ್ಳಿ.

ಈಗ ಮಾಸ್ಕಿಗೆ ಬರೋಣ. ನಾನೇ ಬಹಳ ದಿನ ತಪ್ಪು ತಿಳಿದಿದ್ದ ಭಾಗ ಇದು. ಲೋಹ ಲೇಪಿಸಿದ ಮಾಸ್ಕಿನ ಮೂಲಕ ಹಾದುಬರುವ ಗಾಳಿ ಹಾಗೆಯೇ ‘ಶುದ್ಧ’ವಾಗುತ್ತದೆ ಎಂದುಕೊಂಡಿದ್ದೆ. ಆಗುವುದಿಲ್ಲ. 2020ರ ಪ್ರಸಿದ್ಧ ಅಧ್ಯಯನವೊಂದರಲ್ಲಿ ತಾಮ್ರದ ಮೇಲೆ ಬಿದ್ದ ಕೊರೊನಾ ವೈರಸ್ ಪೂರ್ತಿ ನಿಷ್ಕ್ರಿಯವಾಗಲು 4 ಗಂಟೆ ಹಿಡಿಯಿತು. ನಾವು ಒಳಗೆಳೆದುಕೊಳ್ಳುವ ಉಸಿರು ಬಟ್ಟೆಯನ್ನು ದಾಟುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಆ ಹೊತ್ತಿನಲ್ಲಿ ಕಾಪಾಡುವುದು ಶೋಧಕದ ನಾರು ಮತ್ತು ಅದರಲ್ಲಿರುವ ಸ್ಥಿರ ವಿದ್ಯುದಾವೇಶ. ಲೇಪನದ ಕೆಲಸ ಆಮೇಲೆ ಶುರು: ನಾರಿಗೆ ಸಿಕ್ಕಿಬಿದ್ದ ವೈರಸ್ಸನ್ನು ಕೊಲ್ಲುವುದು. ಪಾಳಿ ಮುಗಿಸಿದ ನರ್ಸ್ ಮಾಸ್ಕ್ ಕಳಚುವಾಗ ಬೆರಳು ಅದರ ಹೊರಮೈಗೆ ತಗುಲುತ್ತದಲ್ಲ, ಲೇಪನದ ಲಾಭ ಇರುವುದು ಅಲ್ಲಿ. ಕೆನ್ನೆಯ ಪಕ್ಕದ ಸಂದಿಯಿಂದ ನುಗ್ಗುವ ಗಾಳಿಯನ್ನು ಯಾವ ನ್ಯಾನೋಕಣವೂ ತಡೆಯಲಾರದು.

ನಮ್ಮಲ್ಲೇ ಒಂದು ಉದಾಹರಣೆ ಇದೆ. ಹೈದರಾಬಾದಿನ ಎಆರ್‌ಸಿಐ (ಲೋಹಪುಡಿ ಮತ್ತು ಹೊಸ ವಸ್ತುಗಳ ಸಂಶೋಧನಾ ಕೇಂದ್ರ) ಸಂಸ್ಥೆ ಬೆಂಗಳೂರಿನ ರೆಸಿಲ್ ಕೆಮಿಕಲ್ಸ್ ಜೊತೆಗೂಡಿ ಸುಮಾರು 20 ನ್ಯಾನೋಮೀಟರಿನ ತಾಮ್ರಾಧಾರಿತ ಕಣಗಳನ್ನು ಹತ್ತಿಬಟ್ಟೆಗೆ ಲೇಪಿಸಿ ಮಾಸ್ಕ್ ರೂಪಿಸಿತು. ಹೈದರಾಬಾದಿನದೇ ಆದ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ಪರೀಕ್ಷೆಯಲ್ಲಿ ಶೇ 99.9ರಷ್ಟು ವೈರಸ್ ನಾಶವಾಯಿತು. ಮೂರು ಪದರದ ಮಾದರಿಯಲ್ಲಿ ಲೇಪಿಸಿದ ಬಟ್ಟೆ ಇರುವುದು ಹೊರಪದರದಲ್ಲಿ. ಮೇಲೆ ಹೇಳಿದ್ದನ್ನು ನೆನಪಿಸಿಕೊಂಡರೆ ಕಾರಣ ಹೊಳೆಯುತ್ತದೆ. ಅಂದ ಹಾಗೆ, ಶೇ 99.9 ಎಂದರೆ ಹತ್ತು ಲಕ್ಷದಲ್ಲಿ ಒಂದು ಸಾವಿರ ಉಳಿದವು ಎಂದರ್ಥ.

ಕಣ ಬಟ್ಟೆಯಿಂದ ಉದುರಿ ಉಸಿರಿನೊಂದಿಗೆ ಒಳಹೋದರೆ? 2021ರ ಏಪ್ರಿಲ್‌ನಲ್ಲಿ ಕೆನಡಾದ ಆರೋಗ್ಯ ಇಲಾಖೆ ಗ್ರಾಫೀನ್ (ಇಂಗಾಲದ ಅತಿ ತೆಳು ಹಾಳೆ) ಇರುವ ಮಾಸ್ಕ್ ಧರಿಸಬೇಡಿ ಎಂದು ಎಚ್ಚರಿಸಿದ್ದು ಇದೇ ಭಯದಿಂದ. ಪರಿಶೀಲನೆಯ ನಂತರ ಜುಲೈಯಲ್ಲಿ ಕೆಲವು ಮಾದರಿಗಳಿಗೆ ಮತ್ತೆ ಅನುಮತಿ ಸಿಕ್ಕಿತು.

ಅಭ್ಯಾಸಕ್ಕೆ ಒಂದು ಹೋಲಿಕೆ. ಆರ್ಜೆಂಟೀನಾದಲ್ಲಿ 394 ಆಸ್ಪತ್ರೆ ಸಿಬ್ಬಂದಿಗೆ 21 ದಿನ ಮೂಗಿನ ಸ್ಪ್ರೇ ಕೊಟ್ಟರು: ಒಂದು ಗುಂಪಿಗೆ ಕೆಂಪು ಕಡಲಪಾಚಿಯಿಂದ ಬರುವ ಕ್ಯಾರಜೀನನ್, ಇನ್ನೊಂದಕ್ಕೆ ಪ್ಲಸೀಬೊ, ಅಂದರೆ ಔಷಧವಿಲ್ಲದ ತದ್ರೂಪಿ ಸ್ಪ್ರೇ. ಇದು ನ್ಯಾನೋಕಣವಲ್ಲ, ಆದರೆ ತಡೆಯುವ ಜಾಗ ಅದೇ ಮೂಗು. ಸೋಂಕು ಶೇ 1.0 ಮತ್ತು ಶೇ 5.0. ಒಂದು ಸೋಂಕು ತಪ್ಪಿಸಲು ಎಷ್ಟು ಮಂದಿ ಸ್ಪ್ರೇ ಬಳಸಬೇಕು? 5ರಿಂದ 1 ಕಳೆದರೆ 4; 100 ಭಾಗಿಸು 4, ಅಂದರೆ 25. ಟಿಹುವಾನಾದಲ್ಲಿ ಇದೇ ಲೆಕ್ಕ ನಾಲ್ಕಕ್ಕೆ ಇಳಿಯುತ್ತದೆ. ಬೆಳ್ಳಿ ಆರು ಪಟ್ಟು ಮೇಲು ಎಂದು ಬರೆದೀರಿ, ಜೋಕೆ! ಬೆಳ್ಳಿ ಬಳಸದವರಲ್ಲಿ ಶೇ 28 ಮಂದಿಗೆ ಸೋಂಕು, ಪ್ಲಸೀಬೊ ಪಡೆದವರಲ್ಲಿ ಶೇ 5 ಮಂದಿಗೆ. ಅವಧಿ ಅಲ್ಲಿ ಒಂಬತ್ತು ವಾರ, ಇಲ್ಲಿ ಮೂರು. ಟಿಹುವಾನಾದಲ್ಲಿ ಎರಡನೆಯ ಗುಂಪಿನ ಕೈಗೆ ಬೆಳ್ಳಿಯಿಲ್ಲದ ತದ್ರೂಪಿ ದ್ರಾವಣವನ್ನು ಕೊಟ್ಟಿರಲಿಲ್ಲ ಎಂಬುದನ್ನೂ ಉತ್ತರದಲ್ಲಿ ಸೇರಿಸಿ.